ಯಲ್ಲಾಲಿಂಗನ ಜೊತೆ ಒಂದೇ ಕಯಾಕ್

ಹೊನ್ನಾವರದಲ್ಲಿ ಬಸ್ಸಿನಿಂದ ಇಳಿದಾಗ ಸಮುದ್ರಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದವನು ಯಲ್ಲಾಲಿಂಗ. ಕಳೆದ ಸುಗ್ಗಿಯಲ್ಲಿ ಗಬ್ಬೂರಿನಿಂದ ಬಾಗಲವಾಡದ ನಮ್ಮ ಮನೆಗೆ ಹೆಣ್ಣು ನೋಡಲು ಬಂದು, ನಾನು ಕೊಟ್ಟ ಚಹಾ ಕುಡಿದು, ಕಾರಣವನ್ನೂ ಹೇಳದೆ ಬೇಡವೆಂದು ಹೇಳಿಕಳಿಸಿದ ಮಹಾರಾಯ. ಆಮೇಲೆ ಊರವರೆಲ್ಲ ನನ್ನಲ್ಲಿ ಇಲ್ಲದ ಐಬು ಹುಡುಕಿದರು. ವಿಜ್ಞಾನ ಶಿಕ್ಷಕರ ಈ ಪ್ರವಾಸಕ್ಕೆ ಅವನೂ ಬರುತ್ತಾನೆಂದು ಗೊತ್ತಿದ್ದರೆ ನಾನು ಪಾಠ ಮಾಡುವ ಮಾನ್ವಿಯಲ್ಲೇ ಉಳಿಯುತ್ತಿದ್ದೆ.

ಸಾಲದ್ದಕ್ಕೆ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ಎಂಬ ಪುಟ್ಟ ದೋಣಿ ನಡೆಸಲು ಗೈಡ್ ನಮ್ಮಿಬ್ಬರನ್ನೇ ಜೋಡಿ ಮಾಡಿದ. ನಾನು ಮುಂದೆ, ಅವನು ಹಿಂದೆ. ಮುಖ ನೋಡುವ ಕರ್ಮವಾದರೂ ತಪ್ಪಿತು ಎಂದು ಕೂತೆ.

ಅವನು ಮುಂದಕ್ಕೆ ಹುಟ್ಟು ಹಾಕಿದರೆ ನಾನು ಬೇಕೆಂದೇ ಹಿಂದಕ್ಕೆ ಹಾಕಿದೆ. ಕಯಾಕ್ ನಿಂತಲ್ಲೇ ಗಿರಕಿ ಹೊಡೆಯಿತು. ಹೀಗಾದರೆ ದಂಡೆ ಮುಟ್ಟುವುದಿಲ್ಲ ಎಂದ ಮೆಲ್ಲಗೆ. ಮುಟ್ಟುವುದು ಬೇಡ ಎಂದೆ. ಸಿಟ್ಟಿನಲ್ಲಿ ನೀರಿಗೆ ಜೋರಾಗಿ ಹೊಡೆದದ್ದೇ ತಡ, ಉಪ್ಪುನೀರು ಎರಡೂ ಕಣ್ಣಿಗೆ ಬಿತ್ತು. ಉಜ್ಜಿಕೊಂಡಷ್ಟೂ ಉರಿ. ಅದಕ್ಕೂ ಅವನನ್ನೇ ಬೈಯೋಣವೆಂದು ಹಿಂದಕ್ಕೆ ತಿರುಗಿದೆ.

ನನ್ನ ಕಣ್ಣು ನೋಡಿ ಅವನ ಕೈ ನಿಂತುಹೋಯಿತು.

"ಅವತ್ತೂ ಹಿಂಗ ಅತ್ತಿದ್ರಿ," ಎಂದ. "ಕಣ್ಣು ಕೆಂಪಗಾಗಿ ಊದಿದ್ವು. ಮನಸ್ಸಿಲ್ಲದ ಹುಡುಗೀನ ಒತ್ತಾಯ ಮಾಡಿ ಕುಂದ್ರಿಸ್ಯಾರ ಅಂದ್ಕೊಂಡೆ. ಅದಕ್ಕ ನಾನೇ ಬ್ಯಾಡ ಅಂದೆ. ಕಾರಣ ಹೇಳಿದ್ರ ಮನ್ಯಾಗ ನಿಮ್ಮನ್ನ ಬೈತಿದ್ರು."

ಆ ದಿನ ಬೆಳಗಿನಿಂದ ಅವ್ವನ ಜೊತೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿದಿದ್ದೆ. ಅದೇ ಕೈಯಲ್ಲಿ ಮುಖ ಒರೆಸಿಕೊಂಡಿದ್ದೆ.

"ಅದು ಮೆಣಸಿನಕಾಯಿ ಘಾಟ್ರಿ. ಮೆಣಸಿನಕಾಯಿ ಬೆಳೆಯೋ ಗಬ್ಬೂರಿನವರಾಗಿ ಅಷ್ಟೂ ಗೊತ್ತಾಗಲಿಲ್ಲೇನು?"

ಅವನ ಕಿವಿಯವರೆಗೂ ಕೆಂಪೇರಿತು. ಒಂದು ಮಾತು ನನ್ನನ್ನೇ ಕೇಳಬಹುದಿತ್ತಲ್ಲ ಎಂದು ರೇಗಿದೆ. ಕೇಳಬೇಕಿತ್ತು ಎಂದು ಒಪ್ಪಿಕೊಂಡ. ಕರ್ಚೀಫು ಮುಂದೆ ಹಿಡಿದು, ಆಮೇಲೆ ಇನ್ನೊಂದು ಮನೆಗೆ ಹೆಣ್ಣು ನೋಡಲು ಹೋಗಿಲ್ಲವೆಂದ. ನನಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಇನ್ನಷ್ಟು ಸಿಟ್ಟೂ ಬಂತು.

ಮತ್ತೊಮ್ಮೆ ನಮ್ಮ ಮನೆಗೆ ಬರಲೇ ಎಂದು ಕೇಳಿದ.

"ಬರಬ್ಯಾಡ್ರಿ. ಈ ಸಲ ನಾವು ಬರ್ತೀವಿ ಗಬ್ಬೂರಿಗೆ. ಚಾ ನೀವೇ ಮಾಡಿ ತರಬೇಕು. ಕುಡಿದು ಬ್ಯಾಡ ಅನ್ನೋ ಪಾಳಿ ನಂದು."

ಅವನು ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ಸಕ್ರಿ ಎಷ್ಟು ಹಾಕಲ್ರಿ?"

ನಾನು ಮುಂದಕ್ಕೆ ತಿರುಗಿಬಿಟ್ಟೆ. ನಗು ಬಂದಿತ್ತು, ಅದನ್ನು ಅವನಿಗೆ ತೋರಿಸುವಷ್ಟು ಸಿಟ್ಟು ಇನ್ನೂ ಇಳಿದಿರಲಿಲ್ಲ. ಹುಟ್ಟನ್ನು ಮಾತ್ರ ಈ ಸಲ ಮುಂದಕ್ಕೇ ಹಾಕಿದೆ.