ಮಲಗದ ಗಣಿ

ಏಪ್ರಿಲ್ 17ರ ಬೆಳಿಗ್ಗೆ ವಿರೂಪಮ್ಮ ಕುರುಗೋಡು ಠಾಣೆಗೆ ಬಂದು, "ನನ್ನ ಮಗನ ಗಣಿಗೆ ಬೆಂಕಿ ಬಿದ್ದೈತ್ರಿ" ಎಂದಳು.

ಬಳ್ಳಾರಿ ಸೀಮೆಯಲ್ಲಿ ಗಣಿ ಅಂದರೆ ಅದಿರಿನದೇ. ಕಾನ್‌ಸ್ಟೆಬಲ್ ವಿಜಯಕುಮಾರ ಪೆನ್ನು ತೆರೆದ. "ಯಾವ ಗುಡ್ಡದಾಗಮ್ಮ?"

"ಗುಡ್ಡ ಎಲ್ಲೀದೋ ಯಪ್ಪಾ, ಮನಿ ಹಿಂದಿನ ಕೋಣ್ಯಾಗ."

ಮಗ ಹುಲುಗೇಶ ಎಂಟು ಕಂಪ್ಯೂಟರ್ ಕಾರ್ಡುಗಳನ್ನು ಹಗಲಿರುಳು ಓಡಿಸಿ ಕ್ರಿಪ್ಟೊ ಎಂಬ ಡಿಜಿಟಲ್ ನಾಣ್ಯ ತೆಗೆಯುತ್ತಿದ್ದ; ಅದಕ್ಕೂ ಗಣಿಗಾರಿಕೆ ಅಂತಲೇ ಹೆಸರು. ಹಿಂದಿನ ದಿನ ಅದಕ್ಕೆ ಬೆಂಕಿ ಹತ್ತಿ, ಆರಿಸಲು ಹೋದ ಅವನ ಎರಡೂ ಕೈ ಸುಟ್ಟಿದ್ದವು. ಈಗ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದ. ಕೈ ಉಳಿಯುತ್ತವೋ ಇಲ್ಲವೋ, ಡಾಕ್ಟರು ಇನ್ನೂ ಹೇಳಿರಲಿಲ್ಲ. "ಆಗದವರು ಯಾರೋ ಮಾಡ್ಯಾರ" ಎಂದು ಮುದುಕಿ ಅತ್ತಳು. ಪಿಎಸ್‌ಐ ಶೀಲಾ ಎಫ್‌ಐಆರ್ ದಾಖಲಿಸಿದಳು.

ಪಂಚನಾಮೆಯ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಬಂದೋಬಸ್ತಿನಲ್ಲಿ ನಿದ್ದೆಗೆಟ್ಟಿದ್ದ ಶೀಲಾಗೆ ಮಸಿ ಹಿಡಿದ ಕೋಣೆಯಲ್ಲಿ ಕಣ್ಣೆಳೆಯಿತು. ಫ್ಯಾನುಗಳು ಇನ್ನೂ ಗುಂಯ್‌ಗುಡುತ್ತಿವೆ, ನೀಲಿ ದೀಪಗಳು ಮಿಣುಕುತ್ತಿವೆ, ತಾನು ಯಾರದೋ ಕನಸಿನೊಳಗೆ ತಪ್ಪಿ ಕಾಲಿಟ್ಟಿದ್ದೇನೆ ಅನ್ನಿಸಿತು. ತಲೆ ಕೊಡವಿ ನೋಡಿದಳು. ಐದು ಕಾರ್ಡಿಗೆ ಪವರ್ ಸಪ್ಲೈ ಪೆಟ್ಟಿಗೆಯಿಂದ ಒಂದೊಂದು ದಪ್ಪ ತಂತಿ ಬಂದಿತ್ತು. ಉಳಿದ ಮೂರೂ ಕವಲೊಡೆದ ಒಂದೇ ಸಣ್ಣ ತಂತಿಗೆ ಜೋತುಬಿದ್ದಿದ್ದವು. ಕರಗಿ ಉರಿದದ್ದು ಅದೇ. ಆ ತಂತಿಯ ಪ್ಲಾಸ್ಟಿಕ್ ಕವರು ಅಂಗಳದ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಮೇಲೆ ಸಿರುಗುಪ್ಪದ ಅಂಗಡಿಯ ಚೀಟಿ ಇತ್ತು.

ಸಂಜೆ ಆಸ್ಪತ್ರೆಯಲ್ಲಿ ಹುಲುಗೇಶನನ್ನು ಕೇಳಿದಳು. "ಆ ತಂತಿ ನೀನೇ ಹಾಕಿದ್ದಾ?"

"ಇಲ್ರಿ ಮೇಡಂ. ಸಣ್ಣ ತಂತಿಗೆ ಮೂರು ಕಾರ್ಡಿನ ಭಾರ ಹೊರಿಸಿದ್ರ ಸುಡ್ತೈತಿ ಅಂತ ನನಗ ಗೊತ್ತಿಲ್ಲೇನ್ರಿ? ಕಾರ್ಡಿಗೊಂದು ತಂತಿ ಎಳದಿದ್ದೆ. ಜ್ಯೋತಿನ ಬ್ಯಾಟ್ರಿ ಹಿಡಿದಿದ್ಲು."

"ಯಾರು ಜ್ಯೋತಿ?"

"ನನ್ನ ಹೇಣ್ತಿ, ಜ್ಯೋತಿಲಕ್ಷ್ಮಿ."

"ತವರು ಯಾವೂರು?"

"ಸಿರುಗುಪ್ಪ."

ಮರುದಿನ ಸಿರುಗುಪ್ಪದ ರಿಪೇರಿ ಅಂಗಡಿಯ ಕೆಂಚಣ್ಣ ಕವರನ್ನು ಕಂಡೊಡನೆ ಗುರುತಿಸಿದ. "ನಮ್ಮೂರ ಜ್ಯೋತಿ ಮೊನ್ನಿ ಒಯ್ದಾಳ್ರಿ. ಇದಕ್ಕ ಮೂರು ಕಾರ್ಡು ಹಾಕಬ್ಯಾಡಮ್ಮ, ಮಷಿನ್ನು ಮಲಗಿಬಿಡ್ತೈತಿ ಅಂದೆ. 'ಖರೇನ ಮಲಗ್ತೈತೇನು' ಅಂತ ಎರಡು ಸಲ ಕೇಳಿದ್ಲು."

ಯಂತ್ರ ಕೆಟ್ಟು ನಿಂತರೆ ಮಲಗಿತು ಅನ್ನುವುದು ಅಂಗಡಿಯವರ ಮಾತು. ಹಾಕಬೇಡ ಅಂದದ್ದನ್ನೇ ಆ ಹುಡುಗಿ ಮದ್ದಿನ ಹಾಗೆ ಕಟ್ಟಿಸಿಕೊಂಡು ಹೋಗಿದ್ದಳು.

19ರ ಬೆಳಿಗ್ಗೆ ಜ್ಯೋತಿಲಕ್ಷ್ಮಿ ಏನನ್ನೂ ಮುಚ್ಚಿಡಲಿಲ್ಲ. "ಎಷ್ಟೋ ತಿಂಗಳಾತ್ರಿ, ಅವರು ನೆಟ್ಟಗ ಮಲಗಿಲ್ಲ. ಮಷಿನ್ನು ಎಲ್ಲಿ ನಿಲ್ತೈತೋ ಅಂತ ಅದರ ಮುಂದನ ಕುಂತು ತೂಕಡಿಸ್ತಿದ್ರು. ನಾ ಕರದ್ರೂ ಕಣ್ಣು ಆ ದೀಪದ ಮ್ಯಾಗ. ಅದು ಮಲಗಿದ್ರ ಇವರೂ ಮಲಗ್ತಾರ ಅಂದ್ಕೊಂಡೆ. ಕರೆಂಟು ಹೋಗಿತ್ತು, ಅವರು ಜಳಕಕ್ಕ ಹೋಗಿದ್ರು, ತಂತಿ ಬದಲಿಸಿದೆ. ಬೆಂಕಿ ಹತ್ತತೈತಿ ಅಂತ ಯಾರೂ ಹೇಳಲಿಲ್ಲ್ರಿ."

ಬಯ್ಯಬೇಕೆಂದು ಬಂದಿದ್ದ ಶೀಲಾಗೆ ಪಾಪ ಅನ್ನಿಸಿತು. ಆದರೆ ಕಾಯ್ದೆಗೆ ಕರುಳಿಲ್ಲ. ಬಂಧನದ ಪತ್ರಕ್ಕೆ ಸಹಿ ಹಾಕಿಸಿದಳು.

ಜೀಪು ಹತ್ತುವಾಗ ಜ್ಯೋತಿಲಕ್ಷ್ಮಿ ಕೇಳಿದ್ದು ಒಂದೇ ಮಾತು. "ಅವರು ಮಲಗ್ಯಾರೇನ್ರಿ?"

ಡಾಕ್ಟರು ಆಗಷ್ಟೇ ಫೋನು ಮಾಡಿದ್ದರು. "ಮಲಗ್ಯಾನಮ್ಮ" ಎಂದಳು ಶೀಲಾ. "ಕೈ ಉಳೀತಾವಂತ."

ಜೀಪು ಊರು ದಾಟುವಷ್ಟರಲ್ಲಿ ಜ್ಯೋತಿಲಕ್ಷ್ಮಿ ಶೀಲಾಳ ಹೆಗಲಿಗೊರಗಿ ನಿದ್ದೆ ಹೋಗಿದ್ದಳು. ಶೀಲಾ ಹೆಗಲು ಕದಲಿಸಲಿಲ್ಲ. ಮೆಲ್ಲಗೆ ಹೋಗಲು ಜೀಪು ಓಡಿಸುತ್ತಿದ್ದ ವಿಜಯಕುಮಾರನಿಗೆ ಸನ್ನೆ ಮಾಡಿದಳು.