ಹುಲಿಯ ಆಚೀಚಿನ ಹತ್ತು ಫ್ರೇಮ್

“ಹಿಂದಿನ ಐದು, ಮುಂದಿನ ಐದು ಫ್ರೇಮ್ ಕೊಡು ಸಂಚಿತಾ. ರೂಲ್ಸ್ ಉಂಟಲ್ಲ,” ಎಂದ ರೂಪೇಶ್.

ಸಂಚಿತಾ ಹಾರ್ಡ್ ಡಿಸ್ಕನ್ನು ಚೀಲದೊಳಕ್ಕೆ ತಳ್ಳಿದಳು.

ಮಂಗಳೂರಿನ ಹಳೆಯ ಹಂಚಿನ ಕಾರ್ಖಾನೆಯಲ್ಲಿ ವರ್ಷ ವರ್ಷ ಮೂರು ದಿನ ನಡೆಯುವ ಪತ್ರಿಕಾ ಛಾಯಾಗ್ರಾಹಕರ ಉತ್ಸವ ಅದು. ಮೊದಲ ಬಹುಮಾನಕ್ಕೆ ಆರಿಸಿದ ಚಿತ್ರ ತಾನಾಗಿ ಸಿಕ್ಕಿದ್ದೋ, ಜನರನ್ನು ನಿಲ್ಲಿಸಿ ತೆಗೆದದ್ದೋ ಎಂದು ತಿಳಿಯಲು ಅದರ ಆಚೀಚಿನ ಐದೈದು ಚಿತ್ರಗಳನ್ನೂ ನೋಡುವುದು ಇಲ್ಲಿಯ ಪದ್ಧತಿ. ಈ ಸಲ ಆ ಕೆಲಸ ರೂಪೇಶನದು. ಬೇರೆ ಪತ್ರಿಕೆಯವನು, ಮೂರು ವರ್ಷದಿಂದ ಪ್ರತಿ ಕಾರ್ಯಕ್ರಮದಲ್ಲೂ ಅವಳ ಕ್ಯಾಮೆರಾಕ್ಕೆ ಅಡ್ಡ ಬಂದು ನಿಲ್ಲುವವನು. ನಿಂತು, ತಿರುಗಿ ನೋಡಿ, ಒಂದೇ ಹುಬ್ಬು ಏರಿಸಿ ನಗುವವನು. ಆ ನಗೆಗೆ ಸಿಟ್ಟಾಗಬೇಕೆಂದು ಅವಳು ಎಷ್ಟೋ ಸಲ ಹೊರಟಿದ್ದಳು, ಒಮ್ಮೆಯೂ ಆಗಿರಲಿಲ್ಲ.

ಈ ಸಲ ಆರಿಸಿದ್ದ ಅವಳ ಚಿತ್ರದಲ್ಲಿ ಕುದ್ರೋಳಿ ದಸರಾದ ಹುಲಿವೇಷದವನೊಬ್ಬ ಅಂಗಡಿ ಜಗಲಿಯಲ್ಲಿ ಕೂತು, ಬಣ್ಣ ಮೆತ್ತಿದ ಕೈಯಲ್ಲೇ ತನ್ನ ಮಗುವಿಗೆ ಬಾಟಲಿಯ ಹಾಲು ಕುಡಿಸುತ್ತಿದ್ದ. ನಿಲ್ಲಿಸಿ ತೆಗೆದದ್ದೇನೋ ಎಂದು ಯಾರಿಗೂ ಅನುಮಾನ ಬರುವಷ್ಟು ಚಂದ ಬಂದಿತ್ತು ಅದು.

“ಅದು ಕೊಡ್ಲಿಕ್ಕೆ ಆಗುವುದಿಲ್ಲ.”

“ಎಂತ ಮಾರಾಯ್ತಿ? ಕೊಡದಿದ್ರೆ ನಾಲ್ಕು ಗಂಟೆಗೆ ಫೋಟೋ ಔಟ್.” ಅವನ ದನಿ ತಗ್ಗಿತು. “ನಿಲ್ಲಿಸಿ ತೆಗೆದದ್ದಾ?”

ಆ ಮಾತು ನೆಟ್ಟಗೆ ಎದೆಗೆ ನಾಟಿತು. ಬಿಸಿಲು, ನೂಕುನುಗ್ಗಲು ಎನ್ನದೆ ದುಡಿದು ಸಂಪಾದಿಸಿದ ಹೆಸರು ಅವಳದು. ಮೋಸಗಾತಿ ಎನಿಸಿಕೊಳ್ಳುವ ಬದಲು ಗುಟ್ಟು ಹೊರಬಿದ್ದರೂ ಪರವಾಗಿಲ್ಲ ಎಂದು ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟಳು.

“ನೋಡು. ಶರ್ಲಿ ಮೇಡಂ ಎದುರೇ ನೋಡು.”

ತೀರ್ಪುಗಾರ್ತಿ ಶರ್ಲಿ ಮೇಡಂ ಕನ್ನಡಕ ಏರಿಸಿದರು. ದೊಡ್ಡ ಪರದೆಯ ಮೇಲೆ ಮೊದಲ ಚಿತ್ರ ಬಂತು. ಜಗಲಿಯ ಪಕ್ಕ ಸೋಡಾ ಕುಡಿಯುತ್ತಿರುವ ರೂಪೇಶ್. ಎರಡನೆಯದರಲ್ಲಿ ತೋಳಿನಿಂದ ಬೆವರು ಒರೆಸುವ ರೂಪೇಶ್. ಮೂರು, ನಾಲ್ಕು, ಐದರಲ್ಲಿ ಮಗುವಿಗೆ ಕಣ್ಣು ಮಿಟುಕಿಸುವ ರೂಪೇಶ್. ಆರನೆಯದು ಹುಲಿ, ಮಗು, ಹಾಲು. ಆಮೇಲೆ ಐದಕ್ಕೈದೂ ಮತ್ತೆ ಅವನೇ.

ಸಂಚಿತಾ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಳು.

“ಹುಲಿಯನ್ನು ಇವಳು ನಿಲ್ಲಿಸ್ಲಿಲ್ಲ, ಗ್ಯಾರಂಟಿ,” ಎಂದು ಶರ್ಲಿ ಮೇಡಂ ನಕ್ಕುಬಿಟ್ಟರು. “ಆ ಕಡೆ ನೋಡಿದ್ದೇ ಒಂದು ಸಲ! ಮೊದಲ ಬಹುಮಾನ ಇದಕ್ಕೇ. ದೊಡ್ಡ ಗೋಡೆಗೆ ಹಾಕಿ.”

ಸುತ್ತ ಸೇರಿದ್ದವರಿಂದ ಚಪ್ಪಾಳೆ ಬಿತ್ತು. ರೂಪೇಶನ ಮುಖ ಕಿವಿಯವರೆಗೂ ಕೆಂಪೇರಿತ್ತು.

“ಇದಕ್ಕಾ ಕೊಡ್ಲಿಲ್ಲ ನೀನು?”

“ಮತ್ತೆಂತಕ್ಕೆ? ನನ್ನ ಮೇಲೆ ಡೌಟ್ ಬೇರೆ ನಿಂಗೆ.”

“ತಪ್ಪಾಯ್ತು.” ಅವನು ಹತ್ತಿರ ಬಂದ. “ಈ ವರ್ಷ ನಾನು ಒಂದು ಫೋಟೋ ಕೂಡ ಕಳಿಸದೆ ಈ ಡ್ಯೂಟಿ ಕೇಳಿ ತಗೊಂಡದ್ದು ಎಂತಕ್ಕೆ ಗೊತ್ತುಂಟಾ? ಮೂರು ದಿನ ನೀನು ಇಲ್ಲೇ ಇರ್ತಿ ಅಂತ.”

“ಸರಿಯಾಗಿ ಹೇಳು.”

“ಪ್ರೀತಿ ಮಾರಾಯ್ತಿ! ಮೂರು ವರ್ಷದಿಂದ.”

ಅವಳಿಗೆ ಕುಣಿಯಬೇಕೆನಿಸಿತು. “ನಂಗೂ,” ಎಂದು ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಊರೂರಿನ ಫೋಟೋಗ್ರಾಫರುಗಳು ತುಂಬಿದ್ದ ಜಾಗ. ಅಷ್ಟೂ ಕ್ಯಾಮೆರಾಗಳು ಅವರ ಕಡೆ ತಿರುಗಿದವು. ರೂಪೇಶ್ ಮೆಲ್ಲಗೆ ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

“ತೆಗೀರಿ,” ಎಂದಳು ಎಲ್ಲರಿಗೂ ಕೇಳುವಂತೆ. “ನಾಳೆ ಎಲ್ಲ ಪೇಪರಲ್ಲೂ ಬರ್ಲಿ. ನಮ್ಮ ಅಮ್ಮನಿಗೆ ನಾನು ಬೇರೆ ಹೇಳುವುದು ತಪ್ತದೆ.”