ಮಡಿಸಿದ ಅಂಚು

ಹದಿನಾಲ್ಕನೆಯ ತಾರೀಖು, ಮಂಗಳವಾರ ಬೆಳಿಗ್ಗೆ 9.40ಕ್ಕೆ ಹೋಟೆಲ್ ಮಾಲೀಕ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಹಿಂದಿನ ದಿನ ಮಧ್ಯಾಹ್ನ 12.20ಕ್ಕೆ ಅಡುಗೆಮನೆಯಲ್ಲಿ ಹೊಗೆ ತುಂಬಿ ಪಾತ್ರೆ ತೊಳೆಯುವ ಹೆಂಗಸು ಪ್ರಜ್ಞೆ ತಪ್ಪಿ ಬಿದ್ದಳು, ಇನ್ನೂ ಕಣ್ಣು ಬಿಟ್ಟಿಲ್ಲ, ಇದು ಮುಖ್ಯ ಅಡುಗೆಯವನದೇ ಕೆಲಸ ಎಂಬುದು ದೂರಿನ ಸಾರಾಂಶ. ಎರಡು ಪುಟದ ದೂರಿನಲ್ಲಿ ಹೆಂಗಸಿಗೆ ಮೂರು ಸಾಲು, ಉಳಿದದ್ದೆಲ್ಲ ಅಡುಗೆಯವನಿಗೆ. ಇನ್‌ಸ್ಪೆಕ್ಟರ್‌ಗೆ ಆ ಲೆಕ್ಕವೇ ಸರಿಕಾಣಲಿಲ್ಲ.

"ಅವನೇ ಅಂತ ಹೇಗೆ ಹೇಳ್ತೀರಿ?"

"ನಿನ್ನೆ ಹನ್ನೊಂದು ಗಂಟೆಗೆ ನನ್ನ ಜೊತೆ ಜಗಳ ಆಡಿದ ಸಾರ್. ಎಲ್ಲರ ಎದುರಿಗೂ ಒಲೆ ಆರಿಸಿಬಿಡ್ತೀನಿ ಅಂದ."

"ಯಾಕಂತೆ?"

"ಕಿರಿಕ್ ಮನುಷ್ಯ ಸಾರ್, ಕಾರಣ ಬೇಕಾ?"

FIR ದಾಖಲಾಯಿತು. 10.15ಕ್ಕೆ ಅಡುಗೆಯವನನ್ನು ಕರೆಸಲಾಯಿತು. ಅವನ ಹಿಂದೆಯೇ ಹೆಂಡತಿಯೂ ಊಟದ ಡಬ್ಬಿ ಹಿಡಿದು ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಳು. ಅವನ ಕಣ್ಣುಗಳು ಕೆಂಡದಂತಿದ್ದವು. ಹೊಗೆಗೋ, ಅತ್ತದ್ದಕ್ಕೋ ಹೇಳುವುದು ಕಷ್ಟ. ಕಣ್ಣೀರನ್ನು ಸಾಕ್ಷಿಯೆಂದು ಒಪ್ಪುವ ಜಾಯಮಾನ ಇನ್‌ಸ್ಪೆಕ್ಟರದ್ದಲ್ಲ.

"ಒಲೆ ಆರಿಸ್ತೀನಿ ಅಂದಿದ್ದು ನಿಜಾನಾ?"

"ನಿಜ ಸಾರ್. ಭಾನುವಾರ ಮಧ್ಯಾಹ್ನದವರೆಗೂ ಹೊಗೆ ಸರಿಯಾಗೇ ಹೋಗ್ತಿತ್ತು. ನಿನ್ನೆ ಒಂಬತ್ತಕ್ಕೆ ಹಚ್ಚಿದ್ವಿ. ಹತ್ತಕ್ಕೆಲ್ಲ ಕಣ್ಣುರಿ. ಹೊಗೆ ಮೇಲಕ್ಕೆ ಹೋಗ್ತಾನೇ ಇಲ್ಲ, ನಿಲ್ಸೋಣ ಅಂದೆ. ಫ್ಯಾನ್ ಸದ್ದು ಬರ್ತಿದೆಯಲ್ಲ, ಸುಮ್ನೆ ಬೇಯ್ಸು ಅಂದ್ರು ಮಾಲೀಕ್ರು."

"ಬೇಯಿಸಿದ್ಯಾ?"

ಅವನು ತಲೆ ತಗ್ಗಿಸಿದ. "ಬೇಯಿಸ್ದೆ. ಚಿಕ್ಕಮ್ಮ ಒಳಮೂಲೇಲಿ ಪಾತ್ರೆ ತೊಳೀತಿದ್ಲು. ಅಲ್ಲಿಗೆ ಗಾಳೀನೇ ಬರಲ್ಲ ಸಾರ್."

ಬಿದ್ದ ಹೆಂಗಸು ಆ ಅಡುಗೆಮನೆಗೆಲ್ಲ ಚಿಕ್ಕಮ್ಮ, ರಕ್ತಸಂಬಂಧ ಯಾರಿಗೂ ಇಲ್ಲ.

"ಭಾನುವಾರ ಹೊರಗಿನವರು ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ ಸಾರ್. ಸಂಜೆ ರಜೆ. ನಾಲ್ಕಕ್ಕೆ ನಾನೇ ಬೀಗ ಹಾಕಿದ್ದು."

ಅಂದರೆ ಬೀಗದ ಕೈ ಇವನದೇ, ಜಗಳವೂ ಇವನದೇ. ಹೆಡ್‌ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರ ಮುಖ ನೋಡಿದ. ಬಾಗಿಲ ಬಳಿ ಕಿವಿಗೊಟ್ಟಿದ್ದ ಹೆಂಡತಿ ಎದ್ದು ನಿಂತಳು. "ಕೇಸು ಬಿದ್ರೆ ಇನ್ಯಾವ ಹೋಟೆಲ್‌ನವ್ರೂ ಒಳಗೆ ಸೇರ್ಸಲ್ಲ ಸಾರ್. ಇವ್ರಿಗೆ ಬೇರೆ ಕೆಲಸ ಬರಲ್ಲ. ನೀರು ಕಾಯಿಸೋಕೂ ನನ್ನ ಒಲೆ ಸರಿ ಇಲ್ಲ ಅಂತ ಬೈಯೋ ಮನುಷ್ಯ."

11.20ಕ್ಕೆ ಸ್ಥಳ ಪಂಚನಾಮೆ. ಇಬ್ಬರು ಪಂಚರು, ಅಗ್ನಿಶಾಮಕ ಠಾಣೆಯ ಅಧಿಕಾರಿ, ಮಾಲೀಕ ಹಾಜರಿದ್ದರು. ಒಲೆಗಳ ಮೇಲೆ ಹೊಗೆ ಹೀರುವ ಸ್ಟೀಲಿನ ದೊಡ್ಡ ಹುಡ್, ಅದರಿಂದ ಮಾಳಿಗೆಗೆ ಏರುವ ತಗಡಿನ ಕೊಳವೆ, ತುದಿಗೆ ಫ್ಯಾನ್. ಹುಡ್‌ನ ಮೇಲೆ ಒಂದು ಹಸಿರು ಸ್ಟಿಕರ್: ಕಳೆದ ತಿಂಗಳ ಎರಡರಂದು ಸ್ವಚ್ಛಗೊಳಿಸಲಾಗಿದೆ. ಹೆಡ್‌ಕಾನ್‌ಸ್ಟೆಬಲ್ ಫ್ಯಾನ್ ಹಾಕಿಸಿ, ಹಳೆಯ ಪೇಪರಿನ ಹಾಳೆಯೊಂದನ್ನು ಹುಡ್‌ನ ಜಾಲರಿಗೆ ಹಿಡಿದು ಕೈಬಿಟ್ಟ. ಗಾಳಿ ಎಳೆದರೆ ಅದು ಅಲ್ಲೇ ಅಂಟಿಕೊಳ್ಳಬೇಕಿತ್ತು. ಫ್ಯಾನ್ ಗುಂಯ್‌ಗುಡುತ್ತಲೇ ಇತ್ತು, ಹಾಳೆ ಒಲೆಯ ಮೇಲೆ ಬಿತ್ತು.

ಸ್ಟಿಕರ್ ಅಂಟಿಸಿದ ಕಂಪನಿಯವನನ್ನು ಕರೆಸಿದರು. ಇಸ್ತ್ರಿ ಮಾಡಿದ ಅಂಗಿ, ಕೈಯ ಉಗುರೆಲ್ಲ ಬೆಳ್ಳಗೆ.

"ಕೊಳವೆ ಒಳಗೆ ಕ್ಲೀನ್ ಮಾಡಿದ್ರಾ?"

"ಫುಲ್ ಸರ್ವಿಸ್ ಸಾರ್."

"ಕೊಳವೆ ಕ್ಲೀನ್ ಮಾಡೋಕೆ ತೆಗೆಯೋ ಬಾಗಿಲು ತೋರ್ಸಿ."

ಅವನು ಮಾಳಿಗೆಗೆ ಹೋಗಿ ಕೊಳವೆಗೆ ಎರಡು ಸುತ್ತು ಹಾಕಿ, ಕೊನೆಗೆ ಫ್ಯಾನಿನ ಕರೆಂಟು ಪೆಟ್ಟಿಗೆ ತೋರಿಸಿದ. ಅಗ್ನಿಶಾಮಕ ಅಧಿಕಾರಿ ಹಣೆ ಚಚ್ಚಿಕೊಂಡು, ಕೊಳವೆಯ ಹಿಂಬದಿಯ ನಟ್ಟುಗಳನ್ನು ತಾವೇ ಬಿಚ್ಚಿ ಪುಟ್ಟ ಬಾಗಿಲು ತೆಗೆದರು. ಬಾಗಿಲಿನ ಒಳಮೈಯಲ್ಲಿ ಕಪ್ಪು ಮಾರ್ಕರಿನಲ್ಲಿ ಬರೆದ ತಾರೀಖುಗಳ ಸಾಲು. ಎಲ್ಲ ಒಂದೇ ಕೈಬರಹ, ಮೂರು ತಿಂಗಳಿಗೊಂದು. ಕೊನೆಯದಕ್ಕೆ ಎರಡು ವರ್ಷ ಕಳೆದಿತ್ತು.

ಕೊಳವೆಗೆ ಅಡ್ಡಲಾಗಿ ಒಂದು ತಗಡು ಕೂತಿತ್ತು, ಅಳತೆ ತೆಗೆದು ಹೊಲಿಸಿದ ಹಾಗೆ. ಹೆಡ್‌ಕಾನ್‌ಸ್ಟೆಬಲ್ ಕೈಗೆ ಬಟ್ಟೆ ಸುತ್ತಿಕೊಂಡ.

"ಬಟ್ಟೆ ಬೇಕಾಗಿಲ್ಲ ಸಾರ್," ಎಂದ ತಗಡನ್ನು ಹೊರಗೆಳೆದು. "ಅಂಚೆಲ್ಲ ಮಡಿಸಿದ್ದಾರೆ. ಎಳೆಯೋಕೆ ತಂತಿ ಹಿಡಿ ಬೇರೆ."

ಇನ್‌ಸ್ಪೆಕ್ಟರ್ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೇಡು ಬಗೆಯಲು ಬಂದವನು ನಾಲ್ಕೂ ಅಂಚು ಮಡಿಸುತ್ತಾ ಕೂರುವುದುಂಟೇ? ತೆಗೆಯುವವರ ಕೈ ಕೊಯ್ಯಬಾರದೆಂದು ಯಾರೋ ಯೋಚಿಸಿದ್ದರು. ಅಂದರೆ ಯಾರಾದರೂ ತೆಗೆಯುತ್ತಾರೆಂದು ಅವರಿಗೆ ಗೊತ್ತಿತ್ತು.

ತಗಡಿನ ಹಿಂದೆ, ಮುಂದೆ, ಕೊಳವೆಯ ಉದ್ದಕ್ಕೂ ಕಪ್ಪು ಜಿಡ್ಡು. ಅಧಿಕಾರಿ ಸ್ಕೇಲು ಚುಚ್ಚಿ ನೋಡಿದರು. ಎರಡು ಬೆರಳು ದಪ್ಪ. "ಇಲ್ಲಿಗೊಂದು ಕಿಡಿ ಹೋಗಿದ್ರೆ ಇಡೀ ಕಟ್ಟಡ ಉಳೀತಿರ್ಲಿಲ್ಲ," ಎಂದರು. ಮಾಲೀಕ ಸ್ಟಿಕರ್ ಕಂಪನಿಯವನನ್ನು ನೋಡಿದ, ಅವನು ಫ್ಯಾನನ್ನು ನೋಡಿದ.

1.30ಕ್ಕೆ ಠಾಣೆಯಲ್ಲಿ ಅಡುಗೆಯವನ ಮರುವಿಚಾರಣೆ. ಬಾಗಿಲಿನ ಫೋಟೋ ಅವನ ಮುಂದಿಟ್ಟರು.

"ಯಾರ ಕೈಬರಹ ಇದು?"

"ಹೊಗೆ ಮಾವಂದು. ಹುಡ್ ಮೆಕ್ಯಾನಿಕ್. ಮೊದ್ಲು ಅವನೇ ಕ್ಲೀನ್ ಮಾಡ್ತಿದ್ದ. ಎರಡು ದಿನ ಹೋಟೆಲ್ ಮುಚ್ಚಿ, ಕೊಳವೆ ಪೂರ್ತಿ ಕೆರೀಬೇಕು ಅಂದ. ಬಾಯಿ ಜಾಸ್ತಿ ಅಂತ ಬಿಡಿಸಿದ್ರು."

"ಕೊನೇ ಸಲ ಯಾವಾಗ ನೋಡಿದೆ?"

"ಮೊನ್ನೆ ಭಾನುವಾರ ಮೂರೂವರೆಗೆ. ಟೀ ಕೊಟ್ಟೆ. ಫ್ಯಾನ್ ನೋಡ್ಕೊಂಡು ಬರ್ತೀನಿ ಅಂತ ಗೋಣಿಚೀಲ ಹಿಡ್ಕೊಂಡು ಮೇಲೆ ಹೋದ."

ಇನ್‌ಸ್ಪೆಕ್ಟರ್ ಮೇಜು ಗುದ್ದಿದರು. "ಹೊರಗಿನವ್ರು ಯಾರೂ ಬಂದಿಲ್ಲ ಅಂದ್ಯಲ್ಲೋ ಬೆಳಿಗ್ಗೆ!"

ಅಡುಗೆಯವನು ಕಣ್ಣರಳಿಸಿದ. "ಅವನು ಹೊರಗಿನವನಾ ಸಾರ್?"

3.50ಕ್ಕೆ ಜೀಪು ಹೊಗೆ ಮಾವನ ವರ್ಕ್‌ಶಾಪಿನ ಮುಂದೆ ನಿಂತಿತು. ಅರವತ್ತರ ಹತ್ತಿರದ ಸಣಕಲು ಮನುಷ್ಯ ಮರದ ಸುತ್ತಿಗೆಯಲ್ಲಿ ತಗಡು ಮಡಿಸುತ್ತಿದ್ದ. ಗೋಡೆಗೆ ಒರಗಿಸಿದ್ದ ಪ್ರತಿ ತುಂಡಿನ ಅಂಚೂ ಮಡಿಸಿತ್ತು. ಇನ್‌ಸ್ಪೆಕ್ಟರ್ ಒಂದರ ಮೇಲೆ ಬೆರಳಾಡಿಸಿದರು. ಅದೇ ಮಡಿಕೆ.

"ಭಾನುವಾರ ಹೋಟೆಲ್ ಮಾಳಿಗೆ ಹತ್ತಿದ್ರಾ?"

"ಹತ್ತಿದ್ದೆ." ಅವನು ಸುತ್ತಿಬಳಸಲಿಲ್ಲ. "ತಗಡು ಇಟ್ಟಿದ್ದು ನಾನೇ. ಚಿಕ್ಕಮ್ಮ ಹೇಗಿದ್ದಾಳೆ?"

"ಒಂದು ಗಂಟೆಗೆ ಕಣ್ಣು ಬಿಟ್ಲು. ಮಾತು ಇನ್ನೂ ತೊದಲ್ತಾಳೆ."

ಅವನು ನೆಲದ ಮೇಲೇ ಕುಳಿತ. ಸುತ್ತಿಗೆ ತೊಡೆಯ ಮೇಲಿತ್ತು.

"ಯಾಕೆ ಇಟ್ರಿ?"

"ಎರಡು ವರ್ಷದಿಂದ ಬಡ್ಕೊಂಡೆ ಸಾರ್, ಕೊಳವೇಲಿ ಜಿಡ್ಡು ಕಟ್ಟಿದೆ, ಹೊತ್ಕೊಳ್ಳುತ್ತೆ ಅಂತ. ಸ್ಟಿಕರ್ ತೋರ್ಸಿ ಕಳ್ಸಿದ್ರು. ಹೊಗೆ ತಿರುಗಿದ್ರೆ ಒಲೆ ಆರಿಸ್ತಾರೆ, ಮೇಲೆ ಬಂದು ಬಾಗಿಲು ತೆಗೀತಾರೆ ಅಂದ್ಕೊಂಡೆ. ಅರ್ಧ ಗಂಟೆ ಕೆಲಸ. ಹೊಗೆ ತಿರುಗಿದ ಮೇಲೂ ಯಾರಾದ್ರೂ ಬೇಯಿಸ್ತಾ ಇರ್ತಾರಾ ಸಾರ್?"

"ಇರ್ತಾರೆ," ಎಂದರು ಇನ್‌ಸ್ಪೆಕ್ಟರ್. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ. "ಆ ಮಾಲೀಕ ಎಂಥೋನು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?"

ಅವನು ಸುತ್ತಿಗೆ ಬದಿಗಿಟ್ಟು ಎದ್ದ. 4.15ಕ್ಕೆ ದಸ್ತಗಿರಿ ಆಯಿತು. ಜೀಪು ಹತ್ತುವ ಮುಂಚೆ ಅವನು ನಿಂತ.

"ಸಾರ್, ಒಳಗೆ ನೋಡಿದ್ರಾ?"

"ನೋಡ್ದೆ."

"ಎಷ್ಟಿದೆ?"

ಇನ್‌ಸ್ಪೆಕ್ಟರ್ ಎರಡು ಬೆರಳು ತೋರಿಸಿದರು. ಅವನು ತಲೆಯಾಡಿಸಿ ಒಳಗೆ ಕುಳಿತ.

ಸಂಜೆ 5.30ಕ್ಕೆ ಅಡುಗೆಯವನನ್ನು ಮನೆಗೆ ಕಳಿಸಲಾಯಿತು. ತಣ್ಣಗಾದ ಡಬ್ಬಿಯ ಊಟವನ್ನು ಅವನು ಅದೇ ಬೆಂಚಿನ ಮೇಲೆ ಕೂತು ಉಂಡ, ಉಪ್ಪು ಕಮ್ಮಿ ಎಂದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮಾಲೀಕನ ಮೇಲೂ ಸ್ಟಿಕರ್ ಕಂಪನಿಯವನ ಮೇಲೂ ಇನ್ನೊಂದು FIR ದಾಖಲಾಯಿತು.

ಇನ್‌ಸ್ಪೆಕ್ಟರ್ ವರದಿ ಬರೆಯಲು ಕುಳಿತರು. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ದ್ವೇಷ ಎಂದು ಬರೆದು ಹೊಡೆದುಹಾಕಿದರು. ಆಮೇಲೆ ಬರೆದರು: ಕೊಳವೆಯ ಬಾಗಿಲನ್ನು ಯಾರಾದರೂ ತೆಗೆದು ನೋಡಲಿ ಎಂದು.